ಗೆರೆಯ ಆಚೆ ನಿಂತವರು

ನಿರುದ್ಯೋಗಿ ಎಂದರೆ ಯಾರು? ಕೆಲಸವಿಲ್ಲದವನು ಎಂದು ಮಗುವೂ ಉತ್ತರಿಸೀತು. ಆದರೆ ಸರಕಾರವು ನೆರವಿನ ಹಸ್ತ ಚಾಚಿದೊಡನೆ ಈ ಸರಳ ಪದಕ್ಕೊಂದು ವ್ಯಾಖ್ಯೆ ಬೇಕಾಗುತ್ತದೆ. ವ್ಯಾಖ್ಯೆಯೆಂದರೆ ಗೆರೆ. ಗೆರೆ ಎಳೆದಾಗ ಕೆಲವರು ಒಳಗೆ ಉಳಿಯುತ್ತಾರೆ, ಕೆಲವರು ಹೊರಗೆ ನಿಲ್ಲುತ್ತಾರೆ.

ಕರ್ನಾಟಕ ಸರಕಾರವು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ನೀಡಿದ ಯುವನಿಧಿ ಯೋಜನೆಯನ್ನೇ ನೋಡೋಣ. 2022-23ನೆಯ ಶೈಕ್ಷಣಿಕ ವರ್ಷದಲ್ಲಿ ತೇರ್ಗಡೆಯಾಗಿ, ಫಲಿತಾಂಶ ಬಂದು 180 ದಿನ ಕಳೆದರೂ ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ಅದೂ ಕೆಲಸ ಸಿಗುವ ತನಕ ಅಥವಾ ಹೆಚ್ಚೆಂದರೆ ಎರಡು ವರ್ಷ. 2023-24ರಲ್ಲಿ ತೇರ್ಗಡೆಯಾದವರಿಗೂ ಅನಂತರ ಅವಕಾಶ ದೊರೆಯಿತು. ಉನ್ನತ ಶಿಕ್ಷಣ ಮುಂದುವರಿಸಿದವರು, ಅಪ್ರೆಂಟಿಸ್ ವೇತನ ಪಡೆಯುವವರು, ಸರಕಾರಿ ಇಲ್ಲವೆ ಖಾಸಗಿ ನೌಕರಿಯಲ್ಲಿರುವವರು, ಸರಕಾರಿ ಯೋಜನೆಗಳ ಸಾಲದಿಂದ ಸ್ವಯಂ ಉದ್ಯೋಗ ಕೈಗೊಂಡವರು ಅರ್ಹರಲ್ಲ. ಫಲಾನುಭವಿಯು ತಾನಿನ್ನೂ ನಿರುದ್ಯೋಗಿಯೆಂದು ಕಾಲಕಾಲಕ್ಕೆ ಸ್ವತಃ ಘೋಷಿಸಬೇಕು.

ನಮಗೆ ಪರಿಚಿತವಾದ ಒಂದು ಮನೆಯಲ್ಲಿ ಅಕ್ಕ, ತಮ್ಮ ಇಬ್ಬರೂ ಪದವೀಧರರು. ಅಕ್ಕ 2022ರಲ್ಲಿ ತೇರ್ಗಡೆಯಾದಳು, ತಮ್ಮ 2023ರಲ್ಲಿ. ಇಬ್ಬರಿಗೂ ನೌಕರಿ ದೊರೆತಿರಲಿಲ್ಲ. ಒಂದೇ ಒಲೆಯ ಅನ್ನ ಉಣ್ಣುವ ಇವರಲ್ಲಿ ತಮ್ಮನು ಸರಕಾರದ ಲೆಕ್ಕದಲ್ಲಿ ನಿರುದ್ಯೋಗಿಯಾದನು. ಅವನಿಗಿಂತ ಒಂದು ವರ್ಷ ಹೆಚ್ಚು ಕಾದಿದ್ದ ಅಕ್ಕ ಆಗಲಿಲ್ಲ.

ಒಂದು ಸಂಜೆ ಆ ತಮ್ಮನು ನಮ್ಮಲ್ಲಿಗೆ ಬಂದನು. ವಾರಕ್ಕೆ ಒಂದೆರಡು ದಿನ ಮದುವೆ ಮನೆಗಳಲ್ಲಿ ಊಟ ಬಡಿಸುವ ಕೆಲಸಕ್ಕೆ ಹೋಗುತ್ತಿದ್ದನಂತೆ. ಹೀಗಿರುವಾಗ ನಿರುದ್ಯೋಗಿಯೆಂದು ಘೋಷಿಸಿಕೊಂಡರೆ ಸುಳ್ಳಾಡಿದಂತಾಗುವುದಿಲ್ಲವೇ ಎಂಬುದು ಅವನ ಪ್ರಶ್ನೆ. ತತ್ತ್ವಶಾಸ್ತ್ರ ಓದಿದ ನಮಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. ಇದ್ದುದನ್ನು ಇದ್ದಂತೆ ಬರೆದು ಉದ್ಯೋಗ ವಿನಿಮಯ ಕಚೇರಿಯಲ್ಲಿ ವಿಚಾರಿಸು, ಅವರು ಹೇಳಿದಂತೆ ನಡೆ ಎಂದೆವು. ಅಷ್ಟು ಹೇಳಿದರೂ ನಮ್ಮ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆ ಚಿಲ್ಲರೆ ದುಡಿಮೆಯನ್ನೂ ಬಿಟ್ಟು ಕುಳಿತರೆ ಅವನ ಅರ್ಹತೆ ಸಂಶಯಾತೀತ, ದುಡಿದರೆ ಸಂಶಯ. ಕೈಕಟ್ಟಿ ಕುಳಿತವನಿಗೆ ನಿಶ್ಚಿಂತೆ, ದುಡಿಯುವ ಪ್ರಾಮಾಣಿಕನಿಗೆ ಚಿಂತೆ ಎಂಬ ಸ್ಥಿತಿ ಯಾವ ನಿಯಮಕ್ಕೂ ಶೋಭೆ ತರುವಂಥದ್ದಲ್ಲ.

ಗೆರೆಯೇ ಬೇಡವೆಂಬುದು ನಮ್ಮ ವಾದವಲ್ಲ. ಬೊಕ್ಕಸಕ್ಕೆ ಮಿತಿಯಿದೆ. ಸಾರ್ವಜನಿಕ ಹಣ ಅನರ್ಹರ ಪಾಲಾದರೆ ಅದು ಅರ್ಹರಿಗೆ ಬಗೆದ ದ್ರೋಹ. ಆದರೆ ಶಾಸನವು ಎಲ್ಲರನ್ನೂ ಕುರಿತು ಒಟ್ಟಾಗಿ ಮಾತನಾಡುವುದರಿಂದ ವಿಶೇಷ ಸಂದರ್ಭಗಳಲ್ಲಿ ಎಡವುತ್ತದೆ, ಆ ಕೊರತೆಯನ್ನು ತುಂಬುವುದೂ ನ್ಯಾಯವೇ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ವಿವರಿಸಿದ್ದಾನೆ. ಲೆಸ್ಬೋಸ್ ದ್ವೀಪದ ಕಟ್ಟಡದವರು ಬಳಸುತ್ತಿದ್ದ ಸೀಸದ ಅಳತೆಪಟ್ಟಿ ಅವನು ಕೊಟ್ಟ ಉಪಮೆ. ಅದು ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುತ್ತಿತ್ತು. ಅಳತೆಯೂ ಉಳಿಯಬೇಕು, ಕಲ್ಲಿನ ಮೈಯೂ ಲೆಕ್ಕಕ್ಕೆ ಬರಬೇಕು.

ಇದು ಅಸಾಧ್ಯವೇನಲ್ಲ. 2005ರಲ್ಲಿ ಸಂಸತ್ತು ಅಂಗೀಕರಿಸಿದ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಬೇರೊಂದು ಬಗೆಯ ಗೆರೆ ಎಳೆದಿತ್ತು. ಅದು ಅಂಕಪಟ್ಟಿ ಕೇಳಲಿಲ್ಲ. ಗ್ರಾಮೀಣ ಕುಟುಂಬದ ವಯಸ್ಕರು ಮೈಮುರಿದು ದುಡಿಯಲು ಸಿದ್ಧರೇ ಎಂದು ಕೇಳಿತು. ಬೇಡಿಕೆ ಸಲ್ಲಿಸಿದ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ನೀಡಬೇಕೆಂದು ವಿಧಿಸಿತು. ಅಲ್ಲಿ ದುಡಿಯುವ ಮನಸ್ಸೇ ಅರ್ಹತೆಯಾಗಿತ್ತು.

ಜಗದ್ಗುರು ಎರಡನೆಯ ಜಾನ್ ಪೌಲರು ದುಡಿಮೆಯನ್ನು ಕುರಿತ ತಮ್ಮ 1981ರ ವಿಶ್ವಪರಿಪತ್ರದಲ್ಲಿ ನಿರುದ್ಯೋಗಿಗಳಿಗೆ ನೆರವಾಗುವುದು ಕರ್ತವ್ಯವೆಂದೂ, ಬದುಕುವ ಹಕ್ಕಿನಲ್ಲೇ ಅದರ ಬೇರಿದೆಯೆಂದೂ ಸಾರಿದ್ದಾರೆ. ಕರ್ತವ್ಯವೆಂದ ಮೇಲೆ ಅದನ್ನು ತೇರ್ಗಡೆಯಾದ ವರ್ಷವೊಂದರಿಂದಲೇ ಅಳೆಯುವುದು ಸರಿಯೇ? ಎಷ್ಟು ಕಾಲದಿಂದ ಕಾಯುತ್ತಿದ್ದಾರೆ ಎಂಬುದೂ ಗಣನೆಗೆ ಬರಲಿ. ಬಿಡಿ ದುಡಿಮೆಯ ಆದಾಯ ಎಷ್ಟರವರೆಗೆ ಅಡ್ಡಿಯಲ್ಲ ಎಂಬುದನ್ನು ಸರಕಾರ ತಿಳಿಗನ್ನಡದಲ್ಲಿ ಪ್ರಕಟಿಸಲಿ. ಆಗ ಯುವಕರು ದುಡಿಮೆಗೂ ಹೆದರಬೇಕಾಗಿಲ್ಲ, ಸುಳ್ಳಿಗೂ ಶರಣಾಗಬೇಕಾಗಿಲ್ಲ.

ನಮ್ಮ ಪಾಲಿನ ಹೊಣೆಯೂ ಇದೆ. ನೌಕರಿ ದೊರೆತ ಮೇಲೂ ಮೌನವಾಗಿದ್ದು ನೆರವು ಪಡೆಯುವುದು ಜಾಣತನವಲ್ಲ, ಇನ್ನೊಬ್ಬರ ಬಟ್ಟಲಿಗೆ ಕೈಹಾಕಿದಂತೆ. ಅರ್ಜಿ ತುಂಬಲಾರದವರ ಪಕ್ಕದಲ್ಲಿ ಕುಳಿತು ತುಂಬಿಸಿಕೊಡುವುದು, ದಾಖಲೆಗಳನ್ನು ಹೊಂದಿಸಲು ನೆರವಾಗುವುದು ಊರಿನ ವಿದ್ಯಾವಂತರಿಗೆ ಕಷ್ಟದ ಕೆಲಸವಲ್ಲ. ಗೆರೆಯ ಆಚೆ ನಿಂತವರನ್ನು ಹೆಸರು ಹಿಡಿದು ವಿಚಾರಿಸುವುದಂತೂ ಸರಕಾರಕ್ಕಿಂತ ನೆರೆಹೊರೆಗೇ ಸುಲಭ.

ಆ ಅಕ್ಕ ಈಗ ಮನೆಯ ಜಗಲಿಯಲ್ಲಿ ನೆರೆಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ಉದ್ಯೋಗಿಗಳ ಪಟ್ಟಿಯಲ್ಲಿ ಅವಳ ಹೆಸರಿಲ್ಲ, ನಿರುದ್ಯೋಗಿಗಳ ಪಟ್ಟಿಯಲ್ಲಿಯೂ ಇಲ್ಲ.