ಅಳಿಲು ಮತ್ತು ಏರ್ ಗನ್

ಹಿತ್ತಿಲ ಕೊಕ್ಕೋ ಕಾಯಿಗಳನ್ನು ಅಳಿಲು ಕೊರೆಯುತ್ತದೆಂದು ಮೊಮ್ಮಗನಿಗೆ ಏರ್ ಗನ್ ಕೊಡಿಸಿದವನು ನಾನೇ. (ರಾಮಸೇತುವೆಗೆ ಮರಳು ಹೊತ್ತ ಅಳಿಲಿನ ಕಥೆಯನ್ನು ತರಗತಿಯಲ್ಲಿ ಮೂವತ್ತು ವರ್ಷ ಹೇಳಿದವನೂ ನಾನೇ!) ಗುಂಡು ತಗುಲಿದ ಅಳಿಲು ಸಾಯಲಿಲ್ಲ, ಸೊಂಟ ಮುರಿದು ಅಡಕೆ ಸೋಗೆಯ ಅಡಿಗೆ ತೆವಳಿತು. ಹುಡುಗ ಬಂದೂಕನ್ನು ನನ್ನ ಕೈಗಿತ್ತು ಒಳಗೆ ಹೋದ. ಮುಗಿಸುವ ಕೆಲಸ ನನ್ನ ಪಾಲಿಗೆ ಬಂತು.

2016ರ ಶಸ್ತ್ರಾಸ್ತ್ರ ನಿಯಮಗಳಂತೆ 20 ಜೂಲ್ ಮೀರದ, 0.177 ಅಂಗುಲ ನಳಿಕೆಯ ಏರ್ ಗನ್ನಿಗೆ ಪರವಾನಗಿ ಬೇಡ. ಹಾಗೆಂದು ಅದು ಆಟಿಕೆಯಲ್ಲ. ಈ ಬೇಟೆಯನ್ನು ಬೆಳೆ ರಕ್ಷಣೆಯೆನ್ನಲೂ ನಾನು ಒಪ್ಪೆ. ಅಳಿಲಿಗೆ ಬೇಕಾದುದು ಹಣ್ಣಾದ ಕೊಕ್ಕೋ ಬೀಜದ ಸುತ್ತಲಿನ ಸಿಹಿ ಲೋಳೆ. ಬಣ್ಣ ತಿರುಗಿದೊಡನೆ ಕೊಯ್ದರೆ ನಷ್ಟ ಬಹುಪಾಲು ತಪ್ಪುತ್ತದೆ; ನಾನು ಕೊಯ್ಯುತ್ತಿದ್ದುದು ತಿಂಗಳಿಗೊಮ್ಮೆ. ಈಗ ಹತ್ತು ದಿನಕ್ಕೊಮ್ಮೆ ಕೊಯ್ಯುತ್ತೇವೆ. ಬಂದೂಕು ಅಟ್ಟದ ಮೇಲಿದೆ. ಮೊಮ್ಮಗ ಮತ್ತೆ ಕೇಳಿಲ್ಲ.