ಬಿಟ್ಟಿ ಟಿಕೆಟ್ ಅನ್ನೋರಿಗೆ

2023ರ ಜೂನಲ್ಲಿ ಶಕ್ತಿ ಯೋಜನೆ ಬಂದಾಗಿಂದ ಶಿರಾಳಕೊಪ್ಪ ಬಸ್ ಸ್ಟ್ಯಾಂಡಲ್ಲಿ ಒಂದೇ ರಾಗ: ಹೆಂಗಸ್ರಿಗೆ ಬಿಟ್ಟಿ ಟಿಕೆಟ್ಟು. ಅದು ಕಿವಿಗೆ ಬಿದ್ದಾಗೆಲ್ಲ ನಂಗೆ ‘ಗ್ರಿಮ್ ಫ್ಯಾಂಡ್ಯಾಂಗೊ’ ನೆನಪಾಗ್ತದೆ. 1998ರ ಕಂಪ್ಯೂಟರ್ ಆಟ. ಗುಂಡು ಹಾರಿಸೋ ಜಾತಿದಲ್ಲ. ಸಿಕ್ಕಿದ್ದನ್ನ ಜೇಬಿಗೆ ಹಾಕ್ಕೊಂಡು, ಸಿಕ್ಕೋರ ಹತ್ರೆಲ್ಲ ಮಾತಾಡಿ ದಾರಿ ಹುಡುಕೋದು. ಸತ್ತೋರ ಲೋಕ. ಅಲ್ಲಿ ಒಳ್ಳೇರಿಗೆ ‘ನಂಬರ್ ನೈನ್’ ರೈಲಿನ ಟಿಕೆಟ್ ಸಲ್ಲಬೇಕು. ಮೇಚೆ ಅನ್ನೋ ಹೆಣ್ಮಗಳು ಬದುಕಿದ್ದಷ್ಟು ದಿನ ಒಳ್ಳೇದನ್ನೇ ಮಾಡಿರ್ತಾಳೆ. ಆದ್ರೂ ಕಂಪ್ಯೂಟರು ಅವಳಿಗೆ ಟಿಕೆಟ್ ಇಲ್ಲ ಅಂತದೆ. ಇಲ್ಲದೆ ಏನು, ಮೇಲಿನೋರು ಕದ್ದಿರ್ತಾರೆ.

ನಮ್ಮ ಪಕ್ಕದ ಸಾಗರ ತಾಲ್ಲೂಕಲ್ಲಿ 1951ರ ಕಾಗೋಡು ಸತ್ಯಾಗ್ರಹ ಎದ್ದಿದ್ದೂ ಇಂಥ ಲೆಕ್ಕದ ಮೇಲೇ. ಗೇಣಿ ಭತ್ತ ಅಳೆಯೋ ಒಡೇರ ಕೊಳಗ ದೊಡ್ಡದಿತ್ತು.

ನಾಟಿ ಮಾಡಿ, ಕಳೆ ಕಿತ್ತು, ಮನೆಗೆ ಬಂದು ಒಲೆ ಹಚ್ಚೋರ ದುಡಿಮೆ ಯಾವ ಕೊಳಗದಲ್ಲಿ ಅಳೆದಿದೀವಿ? ಆ ಬಾಕೀಲಿ ಒಂದು ಚೂರು ವಾಪಸ್ ಬಂದ್ರೆ ಬಿಟ್ಟಿ ಆಗ್ತದಾ?

ನನ್ನ ತಕರಾರು ಬೇರೆ. ಸೊರಬದ ಕಡೆ ಎಷ್ಟೋ ಹಳ್ಳಿಗೆ ಖಾಸಗಿ ಬಸ್ಸೇ ಗತಿ, ಅದ್ರಲ್ಲಿ ಈ ಟಿಕೆಟ್ ನಡೆಯಲ್ಲ. ರೇಗೋದಾದ್ರೆ ಅದಕ್ಕೆ ರೇಗ್ರಿ ಮಾರಾಯ್ರೆ, ಸರ್ಕಾರಿ ಬಸ್ ಬಿಡಿ ಅಂತ ಕೇಳ್ರಿ.