ಕುದಿಸೂದಕ್ಕ ಕರೆಂಟ್, ಬೇಯಿಸೂದಕ್ಕ ಕೌದಿ

ಈ ಸಲ ಮಾತು ಕರೆಂಟ್ ಬಿಲ್ಲಿಂದು. ಸೇಡಂ ಇರ್ಲಿ, ಚಿತ್ತಾಪುರ ಇರ್ಲಿ, ವಾಡಿ, ಶಹಾಬಾದ, ಚಿಂಚೋಳಿ ಯಾವ ಊರೇ ಇರ್ಲಿ, ಬ್ಯಾಸಿಗಿ ಬಂತಂದ್ರ ಕೂಲರ್, ಫ್ಯಾನ್, ಫ್ರಿಜ್ ಎಲ್ಲಾ ಒಮ್ಮೆಲೇ ನಡಿತಾವ. ಗೃಹಜ್ಯೋತಿ 2023ರ ಆಗಸ್ಟ್‌ನಾಗ ನಮ್ಮ ಕಲಬುರಗಿಯಾಗೇ ಶುರುವಾತು, ಖರೇ. ಆದ್ರ ಅದರ ಲೆಕ್ಕ ಭಾಳ ಮಂದಿ ಪೂರಾ ನೋಡಂಗಿಲ್ಲ. ಮೊದಲಿನ ವರ್ಷದ ಸರಾಸರಿ ಹಿಡಿದು ನಮ್ಮ ಪಾಲು ಇಟ್ಟಾರ. ಅದಕ್ಕಿಂತ ಜಾಸ್ತಿ ಸುಟ್ಟಷ್ಟಕ್ಕ ನಾವು ರೊಕ್ಕ ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟ್ತಂದ್ರ ಪೂರಾ ಬಿಲ್ಲೇ ನಮ್ಮ ತಲಿ ಮ್ಯಾಲ. ಅಂದ್ರ 195ಕ್ಕೂ 205ಕ್ಕೂ ಫರಕ್ ಬರೇ ಹತ್ತು ಯೂನಿಟಿಂದಲ್ಲ. ಆ ಬಿಲ್ ಬಂದ ದಿನ ಮಾತು ಕೇಳಾಕಿ ಯಾರು? ಅಡಗಿಮನ್ಯಾಗ ನಿಂತಾಕಿ.

ಕೂಲರ್ ಬಂದ್ ಮಾಡ್ರಿ ಅಂತ ನಾ ಹೇಳಂಗಿಲ್ಲ. ಶಹಾಬಾದ ಕಲ್ಲಿನ ಮಾಳಿಗಿ ಕೆಳಗ ಮೇ ತಿಂಗಳದಾಗ ಕೂಸುಗಳನ್ನ ಹ್ಯಾಂಗ ಮಲಗಿಸೂದು? ನಾ ಹೇಳೂದು ಒಲಿ ಮ್ಯಾಲಿನ ಬ್ಯಾಳಿ ಬಗ್ಗೆ.

ನಮ್ಮ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್ ಸಿಕ್ಕದ. ದಿನಾ ಅದಿಲ್ಲದ ಊಟ ಇಲ್ಲ. ಈಗ ಸಿಲಿಂಡರ್ ಉಳಸಲಾಕ ಭಾಳ ಮನಿಯಾಗ ಬ್ಯಾಳಿ ಕರೆಂಟ್ ಒಲಿಗೆ ಏರ್‍ಯಾದ. ಲೆಕ್ಕ ನೋಡ್ರಿ. 1000 ವ್ಯಾಟಿನ ಇಂಡಕ್ಷನ್ ಮ್ಯಾಲ ಒಂದು ಲೀಟರ್ ನೀರು ಕುದಿ ಬರಲಾಕ ಏಳೆಂಟು ನಿಮಿಷ ಸಾಕು, ಅಂದ್ರ ಯೂನಿಟಿನ ಎಂಟನೇ ಒಂದು ಪಾಲು. ಆಮ್ಯಾಲ ಬ್ಯಾಳಿ ಬೇಯಲಿ ಅಂತ ಅರ್ಧ ತಾಸು ಹಂಗೇ ಬಿಟ್ರ ಮತ್ತ ಅರ್ಧ ಯೂನಿಟ್. ತಿಂಗಳಿಗೆ 15 ಯೂನಿಟ್ ಬರೇ ಬ್ಯಾಳಿಗೆ. ಉರಿ ಅರ್ಧಕ್ಕ ಇಳಿಸಿದ್ರೂ ಏಳೆಂಟು ಯೂನಿಟ್.

ಆ ಕರೆಂಟ್ ಎಲ್ಲಿ ಹೋತು? ಬ್ಯಾಳಿಗಂತೂ ಅಲ್ಲ. ಬೋಗುಣಿಯಾಗ ನೀರು ಒಮ್ಮೆ ಕುದ್ದರ ನೂರು ಡಿಗ್ರಿ, ಎಷ್ಟ ಉರಿ ಹಚ್ಚಿದ್ರೂ ಅದರ ಮ್ಯಾಲ ಏರಂಗಿಲ್ಲ. ಜಾಸ್ತಿ ಉರಿ ಎಲ್ಲಾ ಉಗಿಯಾಗಿ ಹಾರತದ, ಅಡಗಿಮನಿ ಕಾಸತದ. ಬ್ಯಾಳಿಗೆ ಬೇಕಾದದ್ದು ಉರಿ ಅಲ್ಲ, ಕಾವು. ಆ ಕಾವು ಹೊರಗ ಹೋಗದಂಗ ಹಿಡಿದಿಟ್ರ ಆತು.

ಹಿಡಿದಿಡೂದು ಹೊಸ ವಿದ್ಯೆ ಅಲ್ಲ. ಎರಡನೇ ಮಹಾಯುದ್ಧದಾಗ ಇಂಗ್ಲೆಂಡಿನ ಹೆಣ್ಮಕ್ಕಳು ಉರುವಲ ಉಳಸಲಾಕ ಹುಲ್ಲು ತುಂಬಿದ ಪೆಟ್ಟಿಗ್ಯಾಗ ಕುದ್ದ ಪಾತ್ರೆ ಇಡತಿದ್ರು. ದಕ್ಷಿಣ ಆಫ್ರಿಕಾದಾಗ 2008ರಿಂದ ವಂಡರ್‌ಬ್ಯಾಗ್ ಅನ್ನೋ ಮೆತ್ತನ ಚೀಲ ಬಂದದ, ಅದೂ ಇದೇ ಕೆಲಸದ್ದು. ನಮ್ಮ ಮನಿಯಾಗ ಹಳೇ ಕೌದಿ ಅದಾವಲ್ಲಾ!

ಮುಚ್ಚಳ ಇರೋ ಒಂದು ಡಬ್ಬಿ ಇಲ್ಲಾ ಪೆಟ್ಟಿಗಿ ತಗೋರಿ. ತಳಕ್ಕ, ಸುತ್ತ, ಮ್ಯಾಲ ನಾಕು ಬೆರಳಿಗಿಂತ ಕಡಿಮಿ ಇಲ್ಲದಂಗ ಒಣಾ ಹುಲ್ಲು, ಹತ್ತಿ ಇಲ್ಲಾ ಕೌದಿ ಒತ್ತಿ ತುಂಬ್ರಿ. ಬ್ಯಾಳಿ ಒಂದು ತಾಸು ನೆನಸ್ರಿ. ಮುಚ್ಚಳ ಹಾಕಿ ಹತ್ತು ನಿಮಿಷ ಸಣ್ಣ ಉರಿಯಾಗ ಕುದಿಸಿ, ಪಾತ್ರೆ ಡಬ್ಬ್ಯಾಗ ಇಟ್ಟು ಎರಡು ತಾಸು ತೆಗೀಬ್ಯಾಡ್ರಿ. ಪಾತ್ರೆ ತುಂಬ ಇರಬೇಕು, ಅರ್ಧ ಪಾತ್ರೆ ಲಗೂನೇ ಆರತದ. ಒಗ್ಗರಣಿ ಹಾಕಿ ಮತ್ತ ಒಂದು ಕುದಿ ತರಸ್ರಿ. ರಾತ್ರಿ ಪೂರಾ ಮಾತ್ರ ಅದರಾಗ ಬಿಡಬ್ಯಾಡ್ರಿ, ಉಗುರುಬೆಚ್ಚಗಾದ ಬ್ಯಾಳಿ ಕೆಡತದ.

ಇನ್ನೊಂದು ಮಾತು. ನಮ್ಮದು ಸುಣ್ಣಕಲ್ಲಿನ ನೆಲ. ಅದಕ್ಕೇ ಇಲ್ಲಿ ಸಿಮೆಂಟ್ ಕಾರ್ಖಾನಿ ಬಂದಾವ, ಅದಕ್ಕೇ ಬೋರಿನ ನೀರು ಗಡಸು. ಗಡಸು ನೀರಿನಾಗ ಬ್ಯಾಳಿ ಲಗೂ ಮೆತ್ತಗಾಗಂಗಿಲ್ಲ. ಹೀಟರ್ ಕಾಯಿಲಿಗೆ ಬಿಳಿ ಪೊರೆ ಕಟ್ಟಿ ನೀರು ಕಾಯೂದೂ ತಡಾ ಆಗತದ. ಸಿಹಿ ನೀರಿದ್ರ ಅದನ್ನೇ ಬ್ಯಾಳಿಗೆ ಇಡ್ರಿ. ಕೆಟಲ್ಲು, ಹೀಟರ್ ಪೊರೆ ಆಗಾಗ ತೆಗಿಸ್ರಿ.

“ಕುಕ್ಕರಿನಾಗ ನಾಕು ಸೀಟಿಗೆ ಆಗತದಲ್ಲವಾ, ಇಷ್ಟ್ಯಾಕ?” ಅಂತೀರಿ. ಆಗತದ, ಅವಸರ ಇದ್ದಾಗ ಅದೇ ಛಲೋ. ಕರೆಂಟಿನ ಪ್ರೆಷರ್ ಕುಕ್ಕರೂ ಕಾವು ಹಿಡಿದಿಟ್ಟು ತಾನೇ ಆರತದ. ಆದ್ರ ಅದು ಕೆಟ್ರ ನಮ್ಮ ಊರಿನ ರಿಪೇರಿ ಅಂಗಡ್ಯಾಗ ಪಾರ್ಟ್ ಸಿಗಬೇಕಲ್ಲಾ. ಜ್ವಾಳದ ರೊಟ್ಟಿಗೆ ಮಾತ್ರ ಡಬ್ಬಿನೂ ನಡಿಯಂಗಿಲ್ಲ, ಇಂಡಕ್ಷನ್ನೂ ಸರಿ ಹೊಂದಂಗಿಲ್ಲ. ಹಂಚು ದೊಡ್ಡದು, ಕಾಯಿಲ್ ಸಣ್ಣದು, ನಡುವ ಸುಡತದ, ಅಂಚಿಗೆ ಹಸಿ ಉಳಿತದ. ರೊಟ್ಟಿಗೆ ಬೆಂಕಿನೇ ಬೇಕು.

ಅದಕ್ಕೇ ನನ್ನ ಮಾತು ಇಷ್ಟು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಾಗ 1974ರಾಗ ಅಸ್ತ್ರ ಕೇಂದ್ರ ಶುರುವಾಗಿ, ಹಳ್ಳಿ ಹೆಣ್ಮಕ್ಕಳ ಕಟಗಿ, ಹೊಗಿ ನೋಡಿ ಅಸ್ತ್ರ ಒಲಿ ಮಾಡಿದ್ರು. ಕಲಬುರಗಿಯಾಗ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜ್ ಅದ, ನಮ್ಮ ಮಕ್ಕಳೇ ಅಲ್ಲಿ ಓದತಾರ. ದಪ್ಪ ಗೋಡಿ ಇರೋ, ಕುದಿ ಬಂದ ಕೂಡಲೇ ಕರೆಂಟ್ ತಾನೇ ಬಂದ್ ಆಗೋ, ತೊಳಿಲಾಕ ಹಗುರ ಇರೋ, ಸೇಡಂ ಬಜಾರದಾಗೇ ರಿಪೇರಿ ಆಗೋ ಒಂದು ಬ್ಯಾಳಿ ಡಬ್ಬಿ ಅವರು ಮಾಡಲಿ. ಮಾಡೋ ಮೊದಲು ನಮ್ಮ ಅಡಗಿಮನಿಗೆ ಬಂದು, ಎಷ್ಟು ಬ್ಯಾಳಿ, ಯಾವ ನೀರು, ಎಷ್ಟ ಮಂದಿ ಅಂತ ಕೇಳಲಿ. ನಿಮ್ಮ ಮನಿಯಾಗ ಓದೋ ಮಗಾ ಮಗಳು ಇದ್ರ ಪ್ರಾಜೆಕ್ಟಿಗೆ ಇದನ್ನೇ ಹೇಳ್ರಿ.

ಅಲ್ಲಿತನಕ ಕೌದಿ ಅದ. ಈ ತಿಂಗಳು ಮಾಡಿ ನೋಡ್ರಿ, ಮೊದಲಿಗೂ ಕಡಿಗೂ ಮೀಟರ್ ರೀಡಿಂಗ್ ಬರದಿಡ್ರಿ. ಎಷ್ಟು ಉಳಿತು ನನಗೂ ತಿಳಸ್ರಿ.